ರಾಜೀನಾಮೆಗೆ ಮೊದಲು ಅಪ್ಪನ ಪಾಲಿಸಿ

ತೀರ್ಥಹಳ್ಳಿ ಕಡೆಯ ಮೂವತ್ತೊಂದರ ಯುವಕರೊಬ್ಬರ ಪತ್ರ. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳ ಸರ್ವಿಸ್. ಒಂದೇ ಮಾಡ್ಯೂಲಿನ ಟೆಸ್ಟಿಂಗ್, ಸಣ್ಣ ಬದಲಾವಣೆಗೂ ನಾಲ್ಕು ಜನರ ಅಪ್ರೂವಲ್, ಅದಕ್ಕೆ ಮೂರು ವಾರ. ಈಗ ಶಿವಮೊಗ್ಗದ ಹನ್ನೆರಡು ಜನರ ಕಂಪನಿ ಅಷ್ಟೇ ಸಂಬಳಕ್ಕೆ ಕರೆದಿದೆ, ಹೋಗಲೇ ಎಂದು ಕೇಳಿದ್ದಾರೆ. ಊರಲ್ಲಿರುವ ಅಣ್ಣ 'ಬಂದ್ಬಿಡೋ, ತೋಟಕ್ಕೂ ಆಗ್ತೀಯ' ಅನ್ನುತ್ತಿದ್ದಾರಂತೆ.

ನಿಮ್ಮ ಬೇಸರ ನಿಜವಾದದ್ದೇ. ದೊಡ್ಡ ಕಂಪನಿಯಲ್ಲಿ ಒಬ್ಬರಿಗೆ ಸಿಗುವುದು ಕೆಲಸದ ಒಂದು ಚೂರು. ಐದಾರು ವರ್ಷ ಅದನ್ನೇ ಮಾಡಿದರೆ ಹೊರಗಿನ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಲು ಬೇರೇನೂ ಉಳಿಯುವುದಿಲ್ಲ. ದೊಡ್ಡದು ಶಾಶ್ವತ ಎಂಬ ನಂಬಿಕೆ ನಮ್ಮ ಜಿಲ್ಲೆಯವರಿಗಂತೂ ಬೇಡ, ಮುಚ್ಚಿಹೋದ ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂ ಕಣ್ಣೆದುರಿಗೇ ಇದೆ.

ಆದರೆ ನೀವು ಕೊನೆಗೆ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ: 'ಅಪ್ಪನಿಗೆ ಶುಗರ್ ಇದೆ, ಹೋದ ವರ್ಷ ಸ್ಟೆಂಟ್ ಹಾಕಿಸಿದ್ದು ಕಂಪನಿ ಇನ್ಶೂರೆನ್ಸಿನಲ್ಲೇ ಆಯಿತು.' ನಿಮ್ಮ ಪ್ರಶ್ನೆ ಇರುವುದು ಇಲ್ಲಿ.

ಆ ಪಾಲಿಸಿ ಕಂಪನಿಯದು. ಸಾಮಾನ್ಯವಾಗಿ ನಿಮ್ಮ ಕೊನೆಯ ಕೆಲಸದ ದಿನಕ್ಕೇ ಅಪ್ಪನ ರಕ್ಷಣೆಯೂ ಮುಗಿಯುತ್ತದೆ. ಆಮೇಲೆ ಹೊಸ ಪಾಲಿಸಿ ಮಾಡಿಸಿದರೆ, ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯುವ ಅವಧಿ ಹಾಕಬಹುದು. ಅಂದರೆ ಯಾವ ಹೃದಯಕ್ಕಾಗಿ ವಿಮೆ ಬೇಕೋ ಅದಕ್ಕೇ ದುಡ್ಡು ಸಿಗುವುದಿಲ್ಲ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು ಅವಕಾಶವಿದೆ. ಆಗ ಈಗಾಗಲೇ ಕಳೆದ ಕಾಯುವ ಅವಧಿ ಲೆಕ್ಕಕ್ಕೆ ಬರುತ್ತದೆ. ಆದರೆ ಅವರು ಆರೋಗ್ಯ ತಪಾಸಣೆ ಕೇಳಬಹುದು, ಪ್ರೀಮಿಯಂ ಏರಿಸಬಹುದು, ಬೇಡವೆಂದೂ ಹೇಳಬಹುದು. ಅದು ಕೆಲಸ ಬಿಟ್ಟಮೇಲೆ ಗೊತ್ತಾಗಬಾರದು.

ಅಣ್ಣನ ಬಗ್ಗೆ ನನಗೆ ಸಿಟ್ಟಿದೆ. ಅಡಿಕೆಯ ಹುಟ್ಟುವಳಿ ಅವರ ಕೈಯಲ್ಲಿ, ಅಪ್ಪ ಅವರ ಮನೆಯಲ್ಲಿ. ಇಷ್ಟು ವರ್ಷ ಅಪ್ಪನ ಹೆಸರಲ್ಲಿ ಒಂದು ಪಾಲಿಸಿ ಮಾಡಿಸಲಿಲ್ಲ. ತಮ್ಮನ ನೌಕರಿಯನ್ನೇ ಮನೆಯ ವಿಮೆ ಮಾಡಿಕೊಂಡು, ಈಗ ಅದನ್ನು ಬಿಡು ಎನ್ನುತ್ತಿದ್ದಾರೆ. ಪ್ರೀಮಿಯಮ್ಮಿನ ಅರ್ಧ ಅವರು ಕಟ್ಟಲಿ. ಸಹಕಾರಿ ಸೊಸೈಟಿ ಸದಸ್ಯರಿಗಿರುವ ರಾಜ್ಯ ಸರ್ಕಾರದ ಆರೋಗ್ಯ ಯೋಜನೆ ಯಶಸ್ವಿನಿಯ ಬಗ್ಗೆಯೂ ಅವರೇ ವಿಚಾರಿಸಲಿ. ಬೇರೆ ವಿಮೆ ಇದ್ದವರಿಗೆ ಅದು ಸಿಗುವುದಿಲ್ಲ, ನೋಂದಣಿಗೆ ಅವಧಿ ಇರುತ್ತದೆ, ಪಟ್ಟಿಯಲ್ಲಿರುವ ಆಸ್ಪತ್ರೆ ಮತ್ತು ಚಿಕಿತ್ಸೆಗೆ ಮಾತ್ರ ಅನ್ವಯ. ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ.

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ: ಸಂಬಳದ ಮೊತ್ತ ನೋಡಬೇಡಿ, ಪೇ ಸ್ಲಿಪ್ಪಿನ ಮೂಲವೇತನ ನೋಡಿ. ನಿಮ್ಮದು 30,000 ಎಂದಿದ್ದೀರಿ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಸೇವೆಗಾಗಿ ಕೊಡುವ ಮೊತ್ತ) ಕನಿಷ್ಠ 30,000 × 15 ÷ 26 × 5, ಅಂದರೆ ಸುಮಾರು 86,500 ರೂಪಾಯಿ. ಇವತ್ತು ಬಿಟ್ಟರೆ ಕಾನೂನಿನ ಪ್ರಕಾರ ಕೇಳುವಂತಿಲ್ಲ. ಇನ್ನೆಂಟು ತಿಂಗಳು. ನಿಮ್ಮ ನೋಟಿಸ್ ಅವಧಿ 90 ದಿನ, ಆದ್ದರಿಂದ ರಾಜೀನಾಮೆ ಕೊಡಬೇಕಾದದ್ದು ಐದು ತಿಂಗಳ ನಂತರ. ಶಿವಮೊಗ್ಗದವರು ಕಾಯುತ್ತಾರೆಯೇ, ಕೇಳಿ. ಹಾಗೆಯೇ ಪಿಎಫ್ ಇದೆಯೇ ಎಂದು ಕೇಳಿ, ಏಕೆಂದರೆ ಇಪ್ಪತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ ಅದು ಕಡ್ಡಾಯವಲ್ಲ. ಇದ್ದರೆ ಹಳೆಯ ಯುಎಎನ್‌ಗೇ (ನಿಮ್ಮ ಪಿಎಫ್ ನಂಬರ್) ವರ್ಗ ಮಾಡಿಸಿಕೊಳ್ಳಿ, ಹಣ ತೆಗೆಯಬೇಡಿ. ಹತ್ತು ವರ್ಷದ ಸರ್ವಿಸ್ ಕೂಡಿದರೇನೇ ಪಿಂಚಣಿ.

ಊರಿಗೆ ಬನ್ನಿ, ಬೇಡ ಎನ್ನುವುದಿಲ್ಲ. ಈ ವಾರ ಮಾಡಬೇಕಾದದ್ದು ಒಂದೇ: ಎಚ್‌ಆರ್ ಬಳಿ ವಿಮಾ ಕಂಪನಿಯ ಹೆಸರು, ಗುಂಪು ಪಾಲಿಸಿಯ ನಂಬರ್ ತೆಗೆದುಕೊಂಡು, ಅಪ್ಪನನ್ನು ವೈಯಕ್ತಿಕ ಪಾಲಿಸಿಗೆ ತೆಗೆದುಕೊಳ್ಳುತ್ತೀರಾ ಎಂದು ಆ ವಿಮಾ ಕಂಪನಿಗೆ ಇಮೇಲ್ ಮಾಡಿ. ಶುಗರ್, ಸ್ಟೆಂಟ್ ಎರಡನ್ನೂ ಬರೆಯಿರಿ. ಮುಚ್ಚಿಟ್ಟರೆ ಮುಂದೆ ಕ್ಲೇಮ್ ತಳ್ಳಿಹಾಕಲು ಅದೇ ಕಾರಣವಾಗುತ್ತದೆ. ಅವರು ಆಗುವುದಿಲ್ಲ ಎಂದರೆ ಬೇರೆ ವಿಮಾ ಕಂಪನಿಯ ಪಾಲಿಸಿಯನ್ನು ಈಗಲೇ ಮಾಡಿಸಿ, ಕಾಯುವ ಅವಧಿಯ ಎಂಟು ತಿಂಗಳಾದರೂ ನೀವು ನೌಕರಿಯಲ್ಲಿರುವಾಗಲೇ ಕಳೆಯಲಿ. ಅಪ್ಪನ ಹೆಸರಿನ ಪಾಲಿಸಿ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ.