ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹಳೆಯ ದಂಡಿನ ನೆಲೆಯಲ್ಲಿ ಕುಂಚ, ಕಾಗದ, ಗಿಡುಗ

ಪ್ರಶ್ನೆ: ಸುರಪುರ ಶೈಲಿಯ ಚಿಕಣಿ ಚಿತ್ರ ಬರೆಯುತ್ತೇನೆ. ಅಮೆರಿಕದ ಹೆಡ್‌ಲ್ಯಾಂಡ್ಸ್ ಸೆಂಟರ್ ಫಾರ್ ದಿ ಆರ್ಟ್ಸ್‌ನ ರೆಸಿಡೆನ್ಸಿಗೆ (ಕಲಾವಿದರು ಕೆಲಕಾಲ ಅಲ್ಲೇ ಉಳಿದು ಕೆಲಸ ಮಾಡುವ ವ್ಯವಸ್ಥೆ) ಅರ್ಜಿ ಹಾಕಬೇಕೆಂದಿದ್ದೇನೆ. ಹಿಂದೆ ಮಿಲಿಟರಿ ಇದ್ದ ಜಾಗ, ಈಗ ಹಕ್ಕಿಗಳ ತಾಣ ಎನ್ನುತ್ತಾರೆ. ಏನೇನು ಒಯ್ಯಬೇಕು?
ಓದುಗರು, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ ಫೋರ್ಟ್ ಬ್ಯಾರಿ ಎಂಬ ಹಳೆಯ ಸೇನಾ ನೆಲೆ ಅದು. 1982ರಲ್ಲಿ ಹುಟ್ಟಿದ ಈ ಕಲಾಕೇಂದ್ರ ಇರುವುದು 1907ರ ಸುಮಾರಿಗೆ ಸೈನಿಕರಿಗೆಂದು ಕಟ್ಟಿದ ಬ್ಯಾರಕ್‌ಗಳಲ್ಲಿ. ವಾಸ ಸಾಮಾನ್ಯವಾಗಿ 4ರಿಂದ 10 ವಾರ. ಆಯಾ ವರ್ಷದ ಪ್ರಕಟಣೆ ಓದಿಯೇ ಅರ್ಜಿ ತುಂಬಿ. ಭತ್ಯೆ ಎಷ್ಟು, ಯಾವ ಬಗೆಯ ವೀಸಾ ಬೇಕು ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ಅವರಿಂದ ಬರಹದಲ್ಲಿ ಪಡೆಯಿರಿ.

ನಿಮ್ಮನ್ನು ಹೆಚ್ಚು ಕಾಡುವುದು ತೇವ. ಒಳನಾಡಿನ ಬಿಸಿ ನೆಲ ತಣ್ಣನೆಯ ಕಡಲ ಗಾಳಿಯನ್ನು ಎಳೆದುಕೊಳ್ಳುವುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಮಂಜು ಕವಿದಿರುತ್ತದೆ. ಬೇಸಿಗೆ ಎಂಬುದು ಹೆಸರಿಗಷ್ಟೇ, ಹಗಲಿನಲ್ಲೂ 15 ಡಿಗ್ರಿ ಆಸುಪಾಸು. ಯಾದಗಿರಿಯ ಬಿಸಿಲಲ್ಲಿ ಒಂದು ಲೇಪ ನೋಡನೋಡುತ್ತಲೇ ಒಣಗುತ್ತದೆ. ಅಲ್ಲಿ ಮೇಲೆ ಒಣಗಿದಂತೆ ಕಂಡರೂ ಕಾಗದದ ಒಳಗೆ ಹಸಿ ಉಳಿದಿರುತ್ತದೆ. ಅದರ ಮೇಲೆ ಎರಡನೇ ಲೇಪ ಎಳೆದರೆ ಕೆಳಗಿನ ಬಣ್ಣ ಎದ್ದು ಕಲಸಿಹೋಗುತ್ತದೆ. ಅಂಗೈಯ ಹಿಂಭಾಗ ತಾಗಿಸಿ ನೋಡಿ, ತಂಪೆನಿಸಿದರೆ ಇನ್ನೂ ಕಾಯಬೇಕು. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಹತ್ತಿಯದಿರಲಿ; ತೆಳುವಾದದ್ದು ಅಲೆಯೇಳುತ್ತದೆ.

ಚಿನ್ನದ ರೇಕು ಇನ್ನೂ ಕಷ್ಟ. ತೇವದಲ್ಲಿ ಗೋಂದಿನ ಜಿಗುಟು ಬೇಗ ಇಳಿಯುವುದಿಲ್ಲ, ರೇಕು ಸುಕ್ಕಾಗಿ ಗೆರೆ ದಾಟಿ ಅಂಟುತ್ತದೆ. ಬೇರೆ ಕಾಗದದ ಮೇಲೆ ತುಣುಕೊಂದನ್ನು ಒತ್ತಿ ನೋಡಿದ ಮೇಲೆಯೇ ಚಿತ್ರಕ್ಕೆ ಕೈಹಾಕಿ. ಕಿಟಕಿ ಮುಚ್ಚಿರಲಿ. ಕರಗಿಸಿಟ್ಟ ಗೋಂದಿಗೆ ಲವಂಗದೆಣ್ಣೆ ಒಂದೆರಡು ಹನಿ ಹಾಕಿದರೆ ಬೂಷ್ಟು ಬೇಗ ಹಿಡಿಯುವುದಿಲ್ಲ.

ಕುಂಚದ ವಿಷಯದಲ್ಲಿ ಮುಲಾಜು ಬೇಡ. ಮುಂಗುಸಿ ಕೂದಲಿನದನ್ನು ಇಟ್ಟುಕೊಳ್ಳುವುದೇ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಅಳಿಲಿನ ಕೂದಲಿನ ಕೈಕುಂಚವನ್ನೂ ಮನೆಯಲ್ಲೇ ಬಿಡಿ. ಯಾವ ಪ್ರಾಣಿಯದು ಎಂದು ಕಸ್ಟಮ್ಸ್‌ನವರು ಕೇಳಿದರೆ ತೋರಿಸಲು ಕಾಗದಪತ್ರ ಇರುವುದಿಲ್ಲ. ಸಿಂಥೆಟಿಕ್ ಕುಂಚ, 000 ನಂಬರಿನವು ನಾಲ್ಕೈದು ಸಾಕು. ಅವು ನೀರು ಕಡಿಮೆ ಹಿಡಿಯುತ್ತವೆ, ಹಾಗಾಗಿ ಉದ್ದ ಗೆರೆಯ ನಡುವೆ ಬಣ್ಣ ತೀರುತ್ತದೆ. ಹೊರಡುವ ಮೊದಲೇ ಕೈ ಪಳಗಿಸಿಕೊಳ್ಳಿ.

ಟರ್ಪೆಂಟೈನ್, ಥಿನ್ನರ್ ವಿಮಾನದಲ್ಲಿ ಒಯ್ಯುವಂತಿಲ್ಲ. ಅಲ್ಲಿ ಹೋಗಿ ಎಣ್ಣೆಬಣ್ಣ ಬಳಸುವುದಾದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಗಾಳಿಯ ಆಮ್ಲಜನಕ ಹೀರುತ್ತ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಹೋಗದೆ ತಾನಾಗಿ ಹೊತ್ತಿಕೊಳ್ಳಬಹುದು. ನೂರು ವರ್ಷ ದಾಟಿದ ಕಟ್ಟಡದಲ್ಲಿ ಈ ಅಜಾಗರೂಕತೆಗೆ ಕ್ಷಮೆಯಿಲ್ಲ. ಬಟ್ಟೆಯನ್ನು ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ. ಗೋಡೆಗೆ ಮೊಳೆ ಹೊಡೆಯುವ ಮೊದಲೂ ಕೇಳಿ.

ಇನ್ನು ಗರಿ. ಬಿದ್ದದ್ದೇ ಆಗಿರಲಿ, ಎತ್ತಿ ಪುಸ್ತಕದಲ್ಲಿಡಬೇಡಿ. ಅಮೆರಿಕದ 1918ರ ವಲಸೆ ಹಕ್ಕಿ ಕಾಯ್ದೆಯ ಪ್ರಕಾರ ಅಲ್ಲಿನ ಬಹುತೇಕ ಕಾಡುಹಕ್ಕಿಗಳ ಗರಿ, ಮೊಟ್ಟೆ, ಗೂಡನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಅಲ್ಲೇ ಬಿಡಿ.

ಪ್ರಶ್ನೆ: ಅಲ್ಲಿ ಗಿಡುಗಗಳೆಲ್ಲ ಒಂದೇ ಗುಡ್ಡದ ಮೇಲೆ ಸೇರುತ್ತವಂತೆ, ಯಾಕೆ? ಹಾರುವ ಹಕ್ಕಿಯನ್ನು ಬರೆಯುವುದು ಹೆಂಗ್ರಿ?
ಚಿತ್ರಕಲಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ಆ ಗುಡ್ಡದ ಹೆಸರೇ ಹಾಕ್ ಹಿಲ್. ಬೇಟೆಹಕ್ಕಿಗಳು ರೆಕ್ಕೆ ಬಡಿಯುವ ಶ್ರಮ ಉಳಿಸಲು ಬಿಸಿನೆಲದಿಂದ ಏಳುವ ಗಾಳಿಯನ್ನು ಏರಿ ಸಾಗುತ್ತವೆ. ನೀರಿನ ಮೇಲೆ ಆ ಗಾಳಿ ಸಿಗುವುದಿಲ್ಲ. ದಕ್ಷಿಣಕ್ಕೆ ಹೊರಟವು ಕಡಲು, ಕೊಲ್ಲಿ ಎರಡನ್ನೂ ತಪ್ಪಿಸುತ್ತ ಬಂದು ನೆಲ ಚೂಪಾಗುವ ಈ ತುದಿಯಲ್ಲಿ ಒತ್ತಾಗುತ್ತವೆ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಬಂದರೂ ಸೆಪ್ಟೆಂಬರ್, ಅಕ್ಟೋಬರ್ ಉತ್ತಮ. ಎರಡನೇ ಮಹಾಯುದ್ಧದಲ್ಲಿ 16 ಇಂಚು ಅಗಲದ ಬಾಯಿಯ ತೋಪುಗಳಿಗೆಂದು ಕೊರೆದ ಗುಡ್ಡ ಅದು. ತೋಪು ಮಾತ್ರ ಕೂರಿಸಲೇ ಇಲ್ಲ. ‘ಬಾರಾ ಗಜಿ’ ಎಂಬ ಉದ್ದನೆಯ ತೋಪು ಇಟ್ಟುಕೊಂಡ ಕಲಬುರಗಿ ಕೋಟೆಯವರಿಗೆ ಇದು ನಗು ತರಿಸಬಹುದು.

ಬರೆಯುವಾಗ ಗರಿ ಎಣಿಸಲು ಹೋಗಬೇಡಿ. ಮೈಯ ಒಂದು ಗೆರೆ, ರೆಕ್ಕೆಯ ಕೋನ, ಬಾಲದ ಉದ್ದ, ಇಷ್ಟನ್ನು ಐದಾರು ಸೆಕೆಂಡಿನಲ್ಲಿ ಹಿಡಿಯಿರಿ. ಮೊಂಡು ರೆಕ್ಕೆ, ಉದ್ದ ಬಾಲ ಇದ್ದರೆ ಕೂಪರ್ಸ್ ಹಾಕ್ ಜಾತಿಯದು. ಅಗಲ ರೆಕ್ಕೆ, ಗಿಡ್ಡ ಬಾಲ ಕೆಂಪುಬಾಲದ ಗಿಡುಗ. ಚೂಪು ರೆಕ್ಕೆ ಇದ್ದರೆ ಡೇಗೆ (ಫಾಲ್ಕನ್). ರೆಕ್ಕೆಯನ್ನು ತುಸು ಮೇಲೆತ್ತಿ ತೂಗಾಡುತ್ತ ಸಾಗುವುದು ಟರ್ಕಿ ವಲ್ಚರ್ ಎಂಬ ರಣಹದ್ದು. ದುರ್ಬೀನು 8x42 (8 ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಕೊಳ್ಳಿ. 10 ಪಟ್ಟಿನದರಲ್ಲಿ ಕೈನಡುಕವೂ ಅಷ್ಟೇ ಹಿಗ್ಗಿ ಕಾಣುತ್ತದೆ, ಗುಡ್ಡದ ಗಾಳಿಯಲ್ಲಿ ಹಕ್ಕಿ ನಿಲ್ಲುವುದೇ ಇಲ್ಲ.

ಪ್ರಶ್ನೆ: ಅಷ್ಟು ದೂರ ನಮ್ಮಿಂದಾಗದು. ನಾಲ್ಕೈದು ಗೆಳೆಯರು ಸೇರಿ ಬೀದರ್ ಕಿಲ್ಲಾದಲ್ಲೇ ಒಂದು ವಾರ ಇಂಥದ್ದು ಮಾಡಬಹುದೇ? ಡ್ರೋನ್ ಹಾರಿಸಬಹುದೇ?
ಓದುಗರು, ಭಾಲ್ಕಿ

ಉತ್ತರ: ಡ್ರೋನ್ ಮರೆತುಬಿಡಿ. ರಕ್ಷಿತ ಸ್ಮಾರಕ ಒಂದು ಕಡೆ, ಊರಲ್ಲೇ ವಾಯುಪಡೆಯ ತರಬೇತಿ ನೆಲೆ ಇನ್ನೊಂದು ಕಡೆ. ರಾತ್ರಿ ಒಳಗೆ ಉಳಿಯುವಂತಿಲ್ಲ, ಅಡುಗೆಯೂ ಸಲ್ಲ. ಊರಲ್ಲಿ ಕೋಣೆ ಹಿಡಿದು ಬಾಗಿಲು ತೆರೆಯುತ್ತಲೇ ಒಳಹೋಗಿ. ಮಡಿಲಲ್ಲಿಟ್ಟು ಬರೆಯುವ ಸ್ಕೆಚ್‌ಪುಸ್ತಕಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಈಸೆಲ್, ಟ್ರೈಪಾಡ್ ಇದ್ದರೆ ಪುರಾತತ್ವ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಮೊದಲೇ ಕೇಳಿ. ಗೋಡೆಗೆ ಕಾಗದ ಒತ್ತಿ ಉಜ್ಜಿ ಅಚ್ಚು ತೆಗೆಯಬೇಡಿ. ಜಂಬಿಟ್ಟಿಗೆ ಕಲ್ಲು, ಹಳೆ ಗಾರೆ ಎರಡೂ ಉದುರುತ್ತವೆ.

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಬಂಡೆಯಲ್ಲೇ ಕಡಿದ ಮೂರು ಸಾಲಿನ ಕಂದಕದ ಕಡೆ ಬೆಳಿಗ್ಗೆ ಕೂತರೆ ನೆರಳು ಬೆಳಕು ಚೆನ್ನಾಗಿ ಒಡೆದು ಕಾಣುತ್ತದೆ. ಗಿಳಿಗಳು ಚಳಿಗಾಲದ ಕೊನೆಗೆ ಗೋಡೆಯ ತೂತು, ಮರದ ಪೊಟರೆಗಳಲ್ಲಿ ಮೊಟ್ಟೆಯಿಡುತ್ತವೆ. ಹಕ್ಕಿ ಕುತ್ತಿಗೆ ಚಾಚಿ ನಿಮ್ಮನ್ನೇ ದಿಟ್ಟಿಸಿದರೆ, ಕೂಗುತ್ತ ಸುತ್ತಿದರೆ, ಗೂಡಿಗೆ ಹತ್ತಿರವಾಗಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ಪಾರಿವಾಳ, ಬಾವಲಿ ಇರುವ ಕತ್ತಲ ಕೋಣೆಗಳಲ್ಲಿ ಕೂತು ಬರೆಯುವ ಆಸೆ ಬೇಡ. ಒಣ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಇಳಿಯುವ ಶಿಲೀಂಧ್ರಗಳಿರಬಹುದು. ಹಾದುಹೋಗಲೇಬೇಕಾದರೆ ಎನ್95 ಮಾಸ್ಕ್ ಹಾಕಿ, ಕೂರಲು ಜಾಗ ಮಾಡಿಕೊಳ್ಳಲೆಂದು ಅಲ್ಲಿ ಗುಡಿಸಬೇಡಿ.