ಬೆಲ್ಟಿಲ್ಲದ ಉಡುಪಿನಲ್ಲಿ ಪಿಸ್ತೂಲು

ನಮಸ್ಕಾರ. ಟೆಕ್ಸಾಸ್‌ನಲ್ಲಿ ಬೆಳಗಿನ ಓಟಕ್ಕೆ ಹೋಗುವಾಗ ಎಲಾಸ್ಟಿಕ್ ಪ್ಯಾಂಟಿಗೆ ಸಿಕ್ಕಿಸಿದ ಹೋಲ್‌ಸ್ಟರ್ (ಪಿಸ್ತೂಲು ಇಡುವ ಕವಚ) ಜಾರುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಸಿಗ್ ಪಿ365ರಂಥ ಚಿಕ್ಕ ಪಿಸ್ತೂಲು ಕೂಡ ಗುಂಡು ತುಂಬುವ ಮೊದಲೇ ಸುಮಾರು ಅರ್ಧ ಕಿಲೋ ತೂಗುವುದರಿಂದ, ಲಾಡಿಯನ್ನು ಎಷ್ಟು ಬಿಗಿದರೂ ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ಪ್ಯಾಂಟು ಒಂದು ಪಕ್ಕಕ್ಕೆ ಜಗ್ಗಿ, ಪಿಸ್ತೂಲಿನ ಹಿಡಿಯ ಆಕಾರ ಟೀ ಶರ್ಟಿನಡಿ ಎದ್ದು ಕಾಣುತ್ತದೆ. ಭಾರವನ್ನು ಪ್ಯಾಂಟಿನ ಮೇಲೆ ಹೊರಿಸದೆ, ಸೊಂಟಕ್ಕೆ ನೇರವಾಗಿ ಕಟ್ಟುವ ಪ್ರತ್ಯೇಕ ಪಟ್ಟಿಯ ಮೇಲೆ ಹೊರಿಸುವುದೇ ಸರಿಯಾದ ದಾರಿ. ಆದರೆ ಬರೀ ಬಟ್ಟೆಯ ಚೀಲವಿರುವ ಪಟ್ಟಿ ಬೇಡ. ಮೆತ್ತನೆಯ ಬಟ್ಟೆಯ ಮೂಲಕವೂ ಟ್ರಿಗರ್ ಒತ್ತಿಹೋಗಬಹುದಾದ್ದರಿಂದ, ಆ ಭಾಗವನ್ನು ಪೂರ್ತಿ ಮುಚ್ಚುವ ಕೈಡೆಕ್ಸ್ ಎಂಬ ಪ್ಲಾಸ್ಟಿಕ್‌ನ ಗಟ್ಟಿ ಕವಚ ಇರಲೇಬೇಕು. ಕೊಂಡ ಮೇಲೆ ಪಿಸ್ತೂಲನ್ನು ಖಾಲಿ ಮಾಡಿ, ಮನೆಯಲ್ಲೇ ಬಗ್ಗಿ, ಜಿಗಿದು, ಶೂ ಲೇಸು ಕಟ್ಟಿ ಪರೀಕ್ಷಿಸಿ. ಕವಚವಿಲ್ಲದೆ ಜೇಬಿಗೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಕೇಳದಿದ್ದರೂ ಒಂದು ಮಾತು: ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ತುಂಬಿದ ಅರ್ಹರಿಗೆ ಪಿಸ್ತೂಲು ಜೊತೆಗೊಯ್ಯಲು ಪರವಾನಗಿ ಕಡ್ಡಾಯವಲ್ಲವಾದರೂ, ನೀವು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದರೆ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಅಮೆರಿಕದ ಒಕ್ಕೂಟ ಕಾನೂನು ಬಂದೂಕು ಇಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ.