ಮೂರು ಪೊಟ್ಟಣ ಸಾಸಿವೆ ಮತ್ತು ಮೂವತ್ತಾರು ಡಬ್ಬಿಗಳ ಸೆಟ್ಟು

ನಿಮ್ಮ ಪ್ರಶ್ನೆ ಓದಿ ನಕ್ಕುಬಿಟ್ಟೆ, ಬೇಸರ ಮಾಡಿಕೊಳ್ಳಬೇಡಿ. ತಾರಸಿ ತೋಟದ ಗುಂಪಿನಲ್ಲಿ ಎರೆಗೊಬ್ಬರದ ಮಾತು ನಡೆಯುತ್ತಿದ್ದಾಗ ನೀವು ನಡುವೆ ಬಂದು ಬರೆದಿದ್ದೀರಿ: ಮದುವೆಯಾಗಿ ಹತ್ತು ತಿಂಗಳು, ಇಬ್ಬರೇ ಇರುವ ಮನೆ, ಕಪಾಟಿನಲ್ಲಿ ಬಿಚ್ಚದ ಸಾಸಿವೆ ಪೊಟ್ಟಣ ಮೂರು, ಆದರೆ ಉಪ್ಪಿಲ್ಲ, ರವೆಯಲ್ಲಿ ಹುಳು. ಆ ರವೆಯನ್ನು ಕಾಂಪೋಸ್ಟಿಗೆ ಹಾಕಬಹುದೇ, ಮೂವತ್ತಾರು ಪಾರದರ್ಶಕ ಡಬ್ಬಿಗಳ ಸೆಟ್ಟು ತರಿಸಿದರೆ ಎಲ್ಲ ಸರಿಹೋಗುತ್ತದೆಯೇ ಎಂದು ಕೇಳಿದ್ದೀರಿ. ರವೆಯನ್ನು ಕಾಂಪೋಸ್ಟಿಗೆ ಹಾಕಬಹುದು, ಹೇಗೆಂದು ಕೊನೆಯಲ್ಲಿ ಹೇಳುತ್ತೇನೆ. ಡಬ್ಬಿಗಳನ್ನು ಮಾತ್ರ ಸದ್ಯಕ್ಕೆ ತರಿಸಬೇಡಿ.

ನಾನು ದಾವಣಗೆರೆಯ ಕಿರಾಣಿ ಅಂಗಡಿಯವರ ಮಗಳು. ಶಾಲೆ ಬಿಟ್ಟ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿದವಳು. ನಮ್ಮ ಅಂಗಡಿಯಲ್ಲಿ ನೂರಾರು ಬಗೆಯ ಸಾಮಾನಿತ್ತು, ಚೆಂದದ ಡಬ್ಬಿ ಎಂಬುದು ಒಂದೂ ಇರಲಿಲ್ಲ. ಚಳ್ಳಕೆರೆಯ ಶೇಂಗಾ ಎಣ್ಣೆ ಬರುತ್ತಿದ್ದ ಹದಿನೈದು ಕಿಲೋದ ತಗಡಿನ ಡಬ್ಬಗಳ ತಲೆ ಕತ್ತರಿಸಿ, ಅದರಲ್ಲೇ ಬೇಳೆ, ಅದರಲ್ಲೇ ಪುಟಾಣಿ, ಅದರಲ್ಲೇ ಬೆಲ್ಲ. ಆದರೂ ಕರೆಂಟು ಹೋದ ಸಂಜೆ ಅಪ್ಪ ಕತ್ತಲಲ್ಲಿ ಕೈಚಾಚಿದರೆ ಜೀರಿಗೆಯೇ ಸಿಗುತ್ತಿತ್ತು, ಓಮ ಸಿಗುತ್ತಿರಲಿಲ್ಲ. ಏಕೆಂದರೆ ಜೀರಿಗೆಯ ಜಾಗ ಇಪ್ಪತ್ತು ವರ್ಷ ಬದಲಾಗಿರಲಿಲ್ಲ. ಹೊಸ ಮೂಟೆ ಬಂದ ದಿನ ಹಮಾಲಿಗೆ ಅಪ್ಪ ಹೇಳುತ್ತಿದ್ದುದು ಒಂದೇ ಮಾತು: "ಹಳೆಯದು ಮುಂದೆ, ಹೊಸದು ಹಿಂದೆ." ಇನ್ನೊಂದು ಅಭ್ಯಾಸವೂ ಅವರಿಗಿತ್ತು. ಸಕ್ಕರೆಯ ಕೊನೆಯ ಮೂಟೆಯ ಹೊಲಿಗೆ ಬಿಚ್ಚಿದ ಕೂಡಲೇ ಮುಂದಿನದಕ್ಕೆ ಹೇಳಿ ಕಳುಹಿಸುತ್ತಿದ್ದರು, ಮೂಟೆ ಖಾಲಿಯಾಗುವವರೆಗೆ ಕಾಯುತ್ತಿರಲಿಲ್ಲ. ಮನೆಯ ಅಡುಗೆಮನೆ ನಡೆಸಲು ನಾನು ಕಲಿತ ವಿದ್ಯೆ ಹೆಚ್ಚುಕಡಿಮೆ ಇಷ್ಟೇ.

ನಿಮ್ಮ ಮೂರು ಪೊಟ್ಟಣ ಸಾಸಿವೆ ಹೇಗೆ ಬಂತೆಂದು ನಾನು ಕೂತಲ್ಲಿಂದಲೇ ಹೇಳಬಲ್ಲೆ. ಪಟ್ಟಿಯನ್ನು ಸೋಫಾದ ಮೇಲೆ ಕುಳಿತು ನೆನಪಿನಿಂದ ಬರೆಯುತ್ತೀರಿ. ನೆನಪಿಗೆ ಮೊದಲು ಬರುವುದು ಒಗ್ಗರಣೆ, ಹಾಗಾಗಿ ಸಾಸಿವೆ ಪ್ರತಿ ತಿಂಗಳೂ ಬರುತ್ತದೆ. ಉಪ್ಪು ಯಾರಿಗೂ ನೆನಪಾಗುವುದಿಲ್ಲ, ಅದು ಇದ್ದೇ ಇರುತ್ತದೆ ಎಂಬ ನಂಬಿಕೆ. ಅಲ್ಲದೆ ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಆಪ್‌ಗಳಿವೆಯಲ್ಲ, ಒಂದು ಕಟ್ಟು ಕೊತ್ತಂಬರಿಗೆ ಅಂತ ತೆರೆದರೆ "ಇನ್ನು ನಲವತ್ತು ರೂಪಾಯಿಯ ಸಾಮಾನು ಸೇರಿಸಿದರೆ ಸಾಗಣೆ ಉಚಿತ" ಎನ್ನುತ್ತವೆ. ಆಗ ಕೈಗೆ ಸಿಗುವುದು ಸಾಸಿವೆಯೇ. ಲೆಕ್ಕ ಹಾಕಿ ನೋಡಿ: ಒಂದು ಒಗ್ಗರಣೆಗೆ ಅರ್ಧ ಟೀ ಚಮಚ ಎಂದರೆ ಹೆಚ್ಚೆಂದರೆ ಎರಡು ಗ್ರಾಂ. ದಿನಕ್ಕೆ ಎರಡು ಒಗ್ಗರಣೆಯಾದರೂ ತಿಂಗಳಿಗೆ ನೂರು, ನೂರಿಪ್ಪತ್ತು ಗ್ರಾಂ ದಾಟುವುದಿಲ್ಲ. ನಿಮ್ಮಲ್ಲಿರುವುದು ಇನ್ನೂರು ಗ್ರಾಂ ಪೊಟ್ಟಣಗಳಾದರೆ ಐದಾರು ತಿಂಗಳು ಸಾಸಿವೆಯ ಅಂಗಡಿಯ ಕಡೆ ತಲೆಹಾಕುವ ಅಗತ್ಯವಿಲ್ಲ.

ಪಟ್ಟಿಯನ್ನು ಕಪಾಟಿನ ಬಾಗಿಲಿಗೇ ಅಂಟಿಸಿ. ಪೆನ್ಸಿಲನ್ನು ದಾರದಿಂದ ಅಲ್ಲೇ ಕಟ್ಟಿ, ಇಲ್ಲದಿದ್ದರೆ ಎರಡನೆಯ ದಿನವೇ ಅದು ಫೋನಿನ ಪಕ್ಕಕ್ಕೆ ನಡೆದುಹೋಗುತ್ತದೆ. ಕೊನೆಯ ಪೊಟ್ಟಣ ಬಿಚ್ಚಿದವರು ಬಿಚ್ಚಿದ ಕೈಯಲ್ಲೇ ಬರೆಯಬೇಕು, ಗಂಡನಾದರೂ ಸರಿ, ಹೆಂಡತಿಯಾದರೂ ಸರಿ. ಮೊಬೈಲಿನಲ್ಲಿ ಪಟ್ಟಿ ಮಾಡಬಹುದಲ್ಲ ಎಂದು ನಮ್ಮ ಮನೆಯವರು ವಾದಿಸಿದ್ದರು. ಹಿಟ್ಟು ಕಲಸಿದ ಕೈಯಲ್ಲಿ ಮೊಬೈಲ್ ಮುಟ್ಟಿ ತೋರಿಸಿ ಎಂದೆ, ವಾದ ಅಲ್ಲಿಗೆ ಮುಗಿಯಿತು. ಅಂಗಡಿಗೆ ಹೊರಡುವಾಗ ಬಾಗಿಲಿನ ಪಟ್ಟಿಯ ಫೋಟೋ ತೆಗೆದುಕೊಂಡು ಹೋಗುತ್ತಾರೆ, ಅಷ್ಟರಮಟ್ಟಿಗೆ ರಾಜಿ. ಇನ್ನೊಂದು ಕೆಲಸ ಮೂರು ತಿಂಗಳು ಮಾಡಿ: ತೊಗರಿಬೇಳೆ, ಸಕ್ಕರೆ, ಎಣ್ಣೆ, ಕಾಫಿಪುಡಿ, ಈ ನಾಲ್ಕನ್ನು ಬಿಚ್ಚಿದ ದಿನ ಅದರ ಮೈಮೇಲೆ ತಾರೀಕು ಬರೆಯಿರಿ. ಮುಗಿದ ದಿನ ನೋಡಿ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬೇಕು ಎಂದು ನನ್ನನ್ನಾಗಲೀ ನಿಮ್ಮ ಅತ್ತೆಯವರನ್ನಾಗಲೀ ಕೇಳುವ ಪ್ರಮೇಯ ಬರುವುದಿಲ್ಲ.

ಇನ್ನು ಡಬ್ಬಿಗಳ ವಿಷಯ. ಈ ಹುಚ್ಚು ನನಗೂ ಹಿಡಿದಿತ್ತು. ಇಪ್ಪತ್ನಾಲ್ಕು ಡಬ್ಬಿ, ಒಂದೇ ಅಳತೆ, ಒಂದೇ ಹಸಿರು ಮುಚ್ಚಳ. ಕಪಾಟಿನಲ್ಲಿ ಜೋಡಿಸಿ ಫೋಟೋ ತೆಗೆದು ಅಕ್ಕತಂಗಿಯರಿಗೆಲ್ಲ ಕಳುಹಿಸಿದೆ. ಚಂದದ ಕೈಬರಹದಲ್ಲಿ ಚೀಟಿ ಬರೆದು ಮುಚ್ಚಳಗಳ ಮೇಲೆ ಅಂಟಿಸಿದೆ. ಮೊದಲ ಸಲ ತೊಳೆದು ಒಣಗಿಸಿದಾಗ ಇಪ್ಪತ್ನಾಲ್ಕು ಮುಚ್ಚಳವೂ ಇಪ್ಪತ್ನಾಲ್ಕು ಡಬ್ಬಿಗೆ ಸರಿಯಾಗಿ ಕೂತವು, ತಪ್ಪು ಡಬ್ಬಿಗಳಿಗೆ. ನಮ್ಮಲ್ಲಿ ರವೆಯೇ ನಾಲ್ಕು ಬಗೆ: ಉಪ್ಪಿಟ್ಟಿಗೆ ಒಂದು, ಬನ್ಸಿ ರವೆ, ಚಿರೋಟಿ ರವೆ, ಇಡ್ಲಿ ರವೆ. ಒಂದು ಭಾನುವಾರ ಬೆಳಿಗ್ಗೆ ಭಾವ ಬಂದಿದ್ದರು. ಅವಸರದಲ್ಲಿ "ಬನ್ಸಿ" ಎಂದು ಬರೆದಿದ್ದ ಡಬ್ಬಿಯಿಂದ ಚಿರೋಟಿ ರವೆ ಸುರಿದು, ಒಂದಕ್ಕೆ ಮೂರರಷ್ಟು ನೀರು ಹಾಕಿ ಉಪ್ಪಿಟ್ಟು ಮಾಡಿದೆ. ಸೌಟು ನೆಟ್ಟಗೆ ನಿಂತಿತು. ಭಾವ ಒಂದು ತುತ್ತು ತಿಂದು, ಬಹಳ ಮರ್ಯಾದೆಯಿಂದ, "ಕೇಸರಿಬಾತಿಗೆ ಸಕ್ಕರೆ ಮರೆತಿರಾ?" ಎಂದು ಕೇಳಿದರು.

ಅಂದಿನಿಂದ ಚೀಟಿ ಡಬ್ಬಿಯ ಹೊಟ್ಟೆಗೆ, ಮುಚ್ಚಳಕ್ಕಲ್ಲ. ಒಂದೇ ಬಣ್ಣದವು ಅಕ್ಕಪಕ್ಕ ಇರಕೂಡದು ಎಂಬುದು ಇನ್ನೊಂದು ಕಟ್ಟಳೆ. ಸಾರಿನ ಪುಡಿ, ಹುಳಿಪುಡಿ, ವಾಂಗಿಬಾತ್ ಪುಡಿ ಮೂರನ್ನೂ ಸಾಲಾಗಿ ಇಟ್ಟರೆ ಯಾವ ಪಾರದರ್ಶಕ ಡಬ್ಬಿಯೂ ನಿಮ್ಮನ್ನು ಕಾಪಾಡುವುದಿಲ್ಲ. ನಿಮಗೆ ನಿಜವಾಗಿ ಬೇಕಾದುದು ಒಂದು ಒಗ್ಗರಣೆ ಡಬ್ಬಿ, ಬಾಯಿ ಅಗಲವಾಗಿ ಕೈ ಒಳಗೆ ಹೋಗುವಂಥ ಎಂಟೋ ಹತ್ತೋ ಡಬ್ಬಿ, ಅಕ್ಕಿಗೆ ಒಂದು ದೊಡ್ಡ ಸ್ಟೀಲ್ ಡಬ್ಬ. ಉಪ್ಪಿಗೆ ಮತ್ತು ಹುಣಸೆಹಣ್ಣಿಗೆ ಜಾಡಿಯೋ ಗಾಜಿನದೋ ಇರಲಿ, ಲೋಹ ಬೇಡ, ಎರಡೂ ಲೋಹವನ್ನು ತಿನ್ನುತ್ತವೆ. ಒಂದು ಕಿಲೋ ಬೇಳೆ ತರುವವರು ಮುಕ್ಕಾಲು ಕಿಲೋ ಹಿಡಿಯುವ ಡಬ್ಬಿ ಕೊಳ್ಳಬೇಡಿ. ಉಳಿದ ಕಾಲು ಕಿಲೋ ರಬ್ಬರ್ ಬ್ಯಾಂಡು ಸುತ್ತಿಕೊಂಡು ಹಿಂದಕ್ಕೆ ಸರಿಯುತ್ತದೆ, ಹುಳು ಹುಟ್ಟುವುದು ಅಲ್ಲೇ.

ಹುಳುವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಗಾಳಿಯಾಡದ ಡಬ್ಬಿಯಲ್ಲಿಟ್ಟರೂ ಹುಳು ಹೇಗೆ ಬಂತು ಎಂದು ನೀವು ಆಶ್ಚರ್ಯಪಟ್ಟಿದ್ದೀರಿ. ಬಹಳ ಸಲ ಅದು ಹೊರಗಿನಿಂದ ಬಂದಿರುವುದಿಲ್ಲ, ಸಾಮಾನಿನ ಜೊತೆಗೇ ಮೊಟ್ಟೆಯಾಗಿ ಬಂದಿರುತ್ತದೆ. ಅಕ್ಕಿಯ ಮೂತಿಹುಳು ಕಾಳಿಗೆ ತೂತು ಕೊರೆದು ಒಳಗೇ ಮೊಟ್ಟೆಯಿಡುತ್ತದೆ, ಮರಿ ಕಾಳಿನೊಳಗೇ ತಿಂದು ಬೆಳೆದು ದೊಡ್ಡದಾಗಿ ಹೊರಬರುತ್ತದೆ. ನೀವು ಎಷ್ಟು ಬಿಗಿಯಾಗಿ ಮುಚ್ಚಿದಿರೋ ಅಷ್ಟು ಜೋಪಾನವಾಗಿ ಅದನ್ನು ಸಾಕಿದಂತಾಯಿತು. ರವೆ, ಮೈದಾ, ಕಡಲೆಹಿಟ್ಟು ತಂದ ದಿನವೇ, ಫ್ರೀಜರಿನಲ್ಲಿ ಜಾಗವಿದ್ದರೆ, ಪೊಟ್ಟಣದ ಸಮೇತ ಮೂರು ನಾಲ್ಕು ದಿನ ಇಡಿ. ಹೊರತೆಗೆದ ಮೇಲೆ ಪೊಟ್ಟಣ ಪೂರ್ತಿ ಹೊರಗಿನ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ಒಳಗೆ ನೀರಾಡಿ ಬೂಸು ಬರುತ್ತದೆ. ಜಾಗವಿಲ್ಲದವರು ರವೆಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಗೆ ಚುರುಕ್ಕೆನ್ನುವಷ್ಟು ಹುರಿದು, ತಟ್ಟೆಯಲ್ಲಿ ಹರಡಿ, ಪೂರ್ತಿ ಆರಿದ ಮೇಲೆ ತುಂಬಿಸಿ. ಆರುವ ಮುಂಚೆ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕೂರುತ್ತದೆ, ಹುರಿದ ಶ್ರಮವೆಲ್ಲ ವ್ಯರ್ಥ.

ಹೆಸರುಕಾಳು, ಅಲಸಂದೆ, ಕಡಲೆಕಾಳಿನಂಥ ಇಡೀ ಕಾಳಿಗೆ ಬೀಳುವುದು ಬೇರೆ ಹುಳು. ಅದು ಕಾಳಿನ ಮೈಮೇಲೆ ಬಿಳಿ ಚುಕ್ಕೆಯಂತೆ ಮೊಟ್ಟೆ ಅಂಟಿಸುತ್ತದೆ, ಬೆಳಕಿಗೆ ಹಿಡಿದರೆ ಕಣ್ಣಿಗೆ ಕಾಣುತ್ತದೆ. ಇಂಥ ಕಾಳಿಗೆ ನಮ್ಮ ಅಜ್ಜಿ ಮಾಡುತ್ತಿದ್ದಂತೆ ಕಿಲೋಗೆ ಒಂದು ಚಮಚ ಹರಳೆಣ್ಣೆ ಅಥವಾ ಅಡುಗೆ ಎಣ್ಣೆ ಸವರಿ ಇಡಬಹುದು. ಎಣ್ಣೆಯ ಪದರದಲ್ಲಿ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಒಣಮೆಣಸಿನಕಾಯಿ, ಲವಂಗ, ಬೇವಿನೆಲೆ ಇಡಿ ಎಂದು ಗುಂಪಿನಲ್ಲಿ ಹಲವರು ಬರೆದಿದ್ದಾರೆ. ನಾನೂ ಇಡುತ್ತೇನೆ, ಸಮಾಧಾನಕ್ಕೆ. ಹೊರಗಿನ ಹುಳುವನ್ನು ಅವು ದೂರವಿಟ್ಟಾವು, ಕಾಳಿನೊಳಗೆ ಕುಳಿತಿರುವುದನ್ನು ಎಬ್ಬಿಸಲಾರವು. ಬೇವಿನೆಲೆ ಹಸಿಯಾಗಿದ್ದರಂತೂ ತೇವ ಬಿಟ್ಟು ಇನ್ನಷ್ಟು ಕೆಡಿಸುತ್ತದೆ. ಇಷ್ಟೆಲ್ಲ ಮಾಡಿಯೂ ಹಳೆಯ ರವೆಯ ಮೇಲೆ ಹೊಸ ರವೆ ಸುರಿದರೆ ಏನೂ ಪ್ರಯೋಜನವಿಲ್ಲ. ಡಬ್ಬಿ ಬರಿದು ಮಾಡಿ, ಮುಚ್ಚಳದ ತಿರುಪಿನ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಂದು ಹಗಲು ಒಂದು ರಾತ್ರಿ ಒಣಗಿಸಿ. ಅಕ್ಕಿಯನ್ನು ಮಾತ್ರ ಉರಿ ಬಿಸಿಲಿಗೆ ಹಾಕಬೇಡಿ, ಕಾಳು ಬಿರುಕು ಬಿಟ್ಟು ಅನ್ನ ನುಚ್ಚಾಗುತ್ತದೆ. ನೆರಳಲ್ಲಿ ಹರಡಿದರೆ ಹುಳುಗಳು ತಾವೇ ಎದ್ದು ಹೋಗುತ್ತವೆ.

ಗುಂಪಿನಲ್ಲೇ ಒಬ್ಬರು, ಧಾನ್ಯದ ಗೋದಾಮಿನಲ್ಲಿ ಇಡುವ ಗುಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಡಿ ಎಂದಿದ್ದಾರೆ. ದಯವಿಟ್ಟು ಆ ಮಾತನ್ನು ಅಳಿಸಿಬಿಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ, ಮುಚ್ಚಿದ ಮನೆಯಲ್ಲಿ ಮಲಗಿದವರ ಜೀವ ತೆಗೆದ ಪ್ರಸಂಗಗಳಿವೆ. ಹುಳು ತಿಂದ ಎರಡು ಕಿಲೋ ಅಕ್ಕಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ.

ಎಷ್ಟು ತರಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ಇದು: ಹುಳು ಬೀಳುವುದನ್ನೂ ಕಮಟು ಹಿಡಿಯುವುದನ್ನೂ ಅರ್ಧ ಕಿಲೋಗಿಂತ ಹೆಚ್ಚು ತರಬೇಡಿ. ರವೆ, ಹಿಟ್ಟು, ಶೇಂಗಾ, ಎಳ್ಳು, ಕೊಬ್ಬರಿ ಎಲ್ಲ ಈ ಲೆಕ್ಕಕ್ಕೆ ಸೇರಿದವು. ದಾಸ್ತಾನು ಇಟ್ಟುಕೊಳ್ಳುವ ಕೆಲಸಕ್ಕೆಂದೇ ಅಂಗಡಿಯವರು ಬಾಡಿಗೆ ಕಟ್ಟಿ ಕುಳಿತಿದ್ದಾರೆ, ಆ ಕಷ್ಟ ಅವರೇ ಪಡಲಿ. ಅಕ್ಕಿ ಮಾತ್ರ ಹಳೆಯದಾದಷ್ಟೂ ಅನ್ನ ಉದುರುದುರು, ಮೂಟೆ ತರಬಹುದು. ಆದರೆ ಇಬ್ಬರಿಗೆ ಪೂರ್ತಿ ಮೂಟೆ ಹೆಚ್ಚಾಯಿತು, ಪಕ್ಕದ ಮನೆಯವರೊಂದಿಗೆ ಪಾಲು ಮಾಡಿಕೊಳ್ಳಿ. ಮೂಟೆಯ ಮೇಲೆ 26 ಕಿಲೋ ಎಂದು ಏಕಿದೆ ಎಂದು ಎಂದಾದರೂ ಯೋಚಿಸಿದ್ದೀರಾ? 2022ರ ಜುಲೈನಲ್ಲಿ 25 ಕಿಲೋವರೆಗಿನ ಮುಚ್ಚಿದ ಚೀಲಕ್ಕೆ ಶೇ. 5 ಜಿಎಸ್‌ಟಿ ಬಂತು, ಗಿರಣಿಯವರು ಒಂದು ಕಿಲೋ ಸೇರಿಸಿ ಗೆರೆ ದಾಟಿಬಿಟ್ಟರು. ಆ ಸುದ್ದಿ ಓದಿದ ದಿನ ಅಪ್ಪ ಇದ್ದಿದ್ದರೆ ತೊಡೆ ತಟ್ಟಿ ನಗುತ್ತಿದ್ದರು.

ಎಣ್ಣೆ ಕೊಳ್ಳುವಾಗ ಪೊಟ್ಟಣದ ಗಾತ್ರ ನೋಡಬೇಡಿ, ತೂಕ ಓದಿ. ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಪಕ್ಕದಲ್ಲೇ ಅದೇ ಎತ್ತರ, ಅದೇ ಹೂವಿನ ಚಿತ್ರದ ಇನ್ನೊಂದು ಪೊಟ್ಟಣ ನಾಲ್ಕು ರೂಪಾಯಿ ಅಗ್ಗಕ್ಕೆ ನಗುತ್ತಿರುತ್ತದೆ, ತಿರುಗಿಸಿ ನೋಡಿದರೆ 850 ಗ್ರಾಂ. ಈಗ ಪೊಟ್ಟಣದ ಮೇಲೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬೀಳುತ್ತದೆ ಎಂಬ ದರವನ್ನೂ ಅಚ್ಚು ಹಾಕುತ್ತಾರೆ, ಇರುವೆ ಗಾತ್ರದ ಅಕ್ಷರದಲ್ಲಿ. ಕನ್ನಡಕ ಮರೆಯದೆ ಒಯ್ಯಿರಿ.

ಚೀಲಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ನಮ್ಮ ಮನೆಯಲ್ಲಿ ಬಟ್ಟೆ ಚೀಲಗಳ ಸಂತಾನ ಬೆಳೆಯುತ್ತಲೇ ಇದೆ. ಮದುವೆಯ ತಾಂಬೂಲದ ಚೀಲ, ಜವಳಿ ಅಂಗಡಿಯ ಚೀಲ, ಇವುಗಳನ್ನೆಲ್ಲ ತುಂಬಿಡಲು ಇನ್ನೊಂದು ಚೀಲ. ಕಳೆದ ದೀಪಾವಳಿಗೆ ಎಣಿಸಿದಾಗ ನಲವತ್ತೊಂದು ಇದ್ದವು. ಆದರೂ ನಮ್ಮ ಮನೆಯವರು ಅಂಗಡಿಯಿಂದ ಬರುವಾಗ ಹದಿನೈದು ರೂಪಾಯಿ ಕೊಟ್ಟು ನಲವತ್ತೆರಡನೆಯದನ್ನು ತಂದರು. ಎರಡನ್ನು ಸ್ಕೂಟರಿನ ಸೀಟಿನ ಕೆಳಗೆ ತುರುಕಿದ ಮೇಲೆ ಈ ಹರಿವು ನಿಂತಿದೆ. ಸಾಮಾನು ಇಳಿಸಿದ ಕೂಡಲೇ ಚೀಲ ಮತ್ತೆ ಸೀಟಿನ ಕೆಳಗೆ ಹೋಗಬೇಕು, ಅಡುಗೆಮನೆಯ ಮೊಳೆಗೆ ನೇತುಹಾಕಿದರೆ ಕೆಲಸ ಕೆಟ್ಟಿತು.

ಈಗ ನಿಮ್ಮ ಹುಳುಬಿದ್ದ ರವೆ. ಹಾಗೆಯೇ ಸುರಿದರೆ ಹುಳು ನಡೆದುಕೊಂಡು ಮತ್ತೆ ಅಡುಗೆಮನೆಗೆ ಬರುತ್ತದೆ, ಮೊದಲು ಕುದಿಯುವ ನೀರು ಹಾಕಿ ಆರಲು ಬಿಡಿ. ಆಮೇಲೆ ಕಾಂಪೋಸ್ಟ್ ಬುಟ್ಟಿಯಲ್ಲಿ ಒಂದೇ ಕಡೆ ಮುದ್ದೆಯಾಗಿ ಹಾಕದೆ, ಒಣ ಎಲೆಯ ನಡುವೆ ತೆಳುವಾಗಿ ಹರಡಿ, ಮೇಲೆ ಎರಡು ಹಿಡಿ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮುಚ್ಚಿ. ದಪ್ಪಗೆ ಬಿದ್ದರೆ ಅಂಟಾಗಿ ಹುಳಿ ವಾಸನೆ ಹೊಡೆಯುತ್ತದೆ, ಇಲಿಗಳಿಗೂ ಆಮಂತ್ರಣ ಕೊಟ್ಟಂತೆ. ಒಂದು ಕಿಲೋ ಇದ್ದರೆ ನಾಲ್ಕು ಕಂತಿನಲ್ಲಿ ಹಾಕಿ.

ಸಾಸಿವೆಯಲ್ಲಿ ಒಂದು ಪೊಟ್ಟಣ ಒಗ್ಗರಣೆ ಡಬ್ಬಿಗೆ. ಎರಡನೆಯದು ಮಾವಿನಕಾಯಿ ಬರುವವರೆಗೆ ಕಾಯಲಿ, ಉಪ್ಪಿನಕಾಯಿಗೆ ಬೇಕಾಗುತ್ತದೆ. ಮೂರನೆಯದರಿಂದ ಒಂದು ಹಿಡಿ ತೆಗೆದು ಅಂಗೈಯಗಲ ಆಳದ ಟ್ರೇಯಲ್ಲಿ ಮಣ್ಣು ಹಾಕಿ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿ ನೀರು ಚಿಮುಕಿಸಿ. ಮೂರು ನಾಲ್ಕು ದಿನಕ್ಕೆ ಮೊಳಕೆ, ನಾಲ್ಕು ವಾರಕ್ಕೆ ಬೇಳೆಯ ಜೊತೆ ಬೇಯಿಸುವಷ್ಟು ಸಾಸಿವೆ ಸೊಪ್ಪು. ಮೊಳೆಯದಿದ್ದರೆ ಬಂದು ಹೇಳಿ, ಪೊಟ್ಟಣದ ಮೇಲಿನ ಪ್ಯಾಕಿಂಗ್ ತಿಂಗಳನ್ನೂ ನೋಡಿಕೊಂಡು ಬನ್ನಿ. ಮತ್ತೆ, ಈ ಸಂಜೆ ಉಪ್ಪು ತನ್ನಿ.